ಇಪ್ಪತ್ತೈದಕ್ಕೆ ಹದಿನಾಲ್ಕು

ನನಗೆ ಐವತ್ಮೂರು ವರ್ಷ. ಅವಳಿಗೆ ಹದಿನೇಳು. ಅವಳ ಮೇಲೆ ನನಗೆ ಹೊಟ್ಟೆಕಿಚ್ಚು.

ಹೀಗೆ ನೇರವಾಗಿ ಹೇಳಿಬಿಡುವುದೇ ವಾಸಿ. ಪಕ್ಕದ ಮನೆಯವರು ಹೊಸ ಸೋಫಾ ತಂದಾಗ ಬಂದು ಎರಡು ದಿನಕ್ಕೆ ಇಳಿದು ಹೋಗುತ್ತದಲ್ಲ, ಆ ತರಹದ್ದಲ್ಲ ಇದು. ತಟ್ಟೆ ಮುಂದೆ ಕೂತರೆ ಅನ್ನ ಸೇರದ ಹಾಗೆ ಮಾಡುವಂಥದ್ದು.

ಹನ್ನೊಂದು ವರ್ಷದಿಂದ ಈ ಜಾಗದಲ್ಲಿ ನಿಮ್ಮ ಜೊತೆ ಹರಟುತ್ತಿದ್ದೇನೆ. ನನ್ನ ಮಂಡಿನೋವು, ನಮ್ಮೆಜಮಾನರ ಗೊರಕೆ, ಬಿ.ಎಚ್. ರಸ್ತೆಯ ಗುಂಡಿ, ಎಲ್ಲ ನಿಮಗೆ ಗೊತ್ತು. ಇದನ್ನು ಮಾತ್ರ ಬರೆಯಬಾರದು ಅಂದುಕೊಂಡಿದ್ದೆ. ಆದರೆ ಹೋದ ಭಾನುವಾರ ನಮ್ಮ ಮನೆಯ ಊಟದ ಟೇಬಲ್ ಹತ್ತಿರ ನಡೆದದ್ದು ನೆನಪಾದರೆ ಬೇರೆ ಯಾವ ವಿಷಯಕ್ಕೂ ಪೆನ್ನು ಓಡುತ್ತಿಲ್ಲ.

ಹುಡುಗಿಯ ಹೆಸರು ಸಿಂಚನ. ನನ್ನ ತಂಗಿ ಸುಮಾಳ ಮಗಳು. ಮನೆ ಗುಬ್ಬಿಯಲ್ಲಿ. ಅವಳ ಅಪ್ಪ ಮಹೇಶಪ್ಪ ಅಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಸುಟ್ಟು ಹೋದ ಬೋರ್‌ವೆಲ್ ಮೋಟರ್‌ಗಳಿಗೆ ಮತ್ತೆ ಜೀವ ಕೊಡುವ ಮನುಷ್ಯ. ಮಾತು ಕಮ್ಮಿ, ಮೀಟರ್ ಮುಳ್ಳು ಏನು ತೋರಿಸುತ್ತದೋ ಅದರ ಮೇಲೆ ನಂಬಿಕೆ ಜಾಸ್ತಿ. ಒಬ್ಬಳೇ ಮಗಳು ಡಾಕ್ಟರ್ ಆಗಬೇಕು ಅನ್ನುವುದು ಅವರ ಆಸೆ. ಅದರಲ್ಲಿ ತಪ್ಪೇನು?

ಅದಕ್ಕೇ ಅವಳನ್ನು ತುಮಕೂರಿನ ಹೊರಗೆ, ಕೋರ ಕಡೆ ಹೋಗುವ ದಾರಿಯಲ್ಲಿರುವ ಒಂದು ರೆಸಿಡೆನ್ಷಿಯಲ್ ಪಿಯು ಕಾಲೇಜಿಗೆ ಸೇರಿಸಿದರು. (ಹೆಸರು ಬೇಡ. ಬೋರ್ಡ್ ಬದಲಾಯಿಸಿದರೆ ಎಲ್ಲವೂ ಒಂದೇ.) ಬೆಳಿಗ್ಗೆ ಐದಕ್ಕೆ ಸ್ಟಡಿ. ಎರಡು ಜಡೆ ಕಡ್ಡಾಯ. ಮೊಬೈಲ್ ಇಲ್ಲ. ಕಥೆಪುಸ್ತಕ ಸಿಕ್ಕರೆ ವಾರ್ಡನ್ ಕಸಿದುಕೊಳ್ಳುತ್ತಾರೆ. ಭಾನುವಾರ ಹಾಸ್ಟೆಲ್ ಫೋನಿನಿಂದ ಹತ್ತು ನಿಮಿಷ ಮಾತು. ತಿಂಗಳಿಗೊಂದು ಭಾನುವಾರ ಔಟಿಂಗ್, ಅದೂ ಕಾರ್ಡಿನಲ್ಲಿ ಫೋಟೋ ಇರುವವರು ಬಂದು ಸಹಿ ಹಾಕಿ ಕರೆದುಕೊಂಡು ಹೋದರೆ ಮಾತ್ರ.

ಆ ಕಾರ್ಡಿನಲ್ಲಿ ಮೂರು ಫೋಟೋ ಇವೆ. ಅಪ್ಪನದು, ಅಮ್ಮನದು, ನನ್ನದು. ನಾನು ಲೋಕಲ್ ಗಾರ್ಡಿಯನ್. ಗುಬ್ಬಿಯವರಿಗೆ ಅಂಗಡಿ ಬಿಟ್ಟು ಬರಲು ಆಗದ ತಿಂಗಳು ನಾನೇ ಹೋಗಿ ಕರೆದುಕೊಂಡು ಬಂದು, ಬಿಸಿಬೇಳೆಬಾತ್ ಮಾಡಿ ಹಾಕಿ, ಸಂಜೆ ಐದೂವರೆಯೊಳಗೆ ವಾಪಸ್ ಬಿಡುವುದು.

ಹೋದ ತಿಂಗಳ ಔಟಿಂಗ್ ದಿನ ಅವಳು ಊಟ ಮುಗಿಸಿ ಬ್ಯಾಗಿನಿಂದ ಎರಡು ಲಾಂಗ್ ನೋಟ್‌ಬುಕ್ ತೆಗೆದಳು. ಮೇಲೆ ಲೇಬಲ್: ಕೆಮಿಸ್ಟ್ರಿ ರಫ್, ಒಂದು ಮತ್ತು ಎರಡು.

"ದೊಡ್ಡಮ್ಮ, ಇದನ್ನ ಓದ್ತೀರಾ?"

"ನಂಗೆಲ್ಲಿ ಕೆಮಿಸ್ಟ್ರಿ ಬರ್ತದೆ?"

"ಕೆಮಿಸ್ಟ್ರಿ ಅಲ್ಲ. ಕಾದಂಬರಿ. ವಾರ್ಡನ್ ಮೇಡಂ ನೋಡ್ದೆ ಇರ್ಲಿ ಅಂತ ಆ ಲೇಬಲ್ಲು."

ನಾನು ನಕ್ಕೆ. ಹದಿನೇಳು ವರ್ಷದ ಹುಡುಗಿ, ಕಾದಂಬರಿಯಂತೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಮಕ್ಕಳು ತಂದು ತೋರಿಸುವ ಕವನ ಎಷ್ಟು ನೋಡಿಲ್ಲ? ಅಮ್ಮನ ಮೇಲೊಂದು, ಮಳೆಯ ಮೇಲೊಂದು. ಬೆನ್ನು ತಟ್ಟಿ ಕಳಿಸಿದರೆ ಆಯಿತು.

ಆದರೆ ಅವಳು ನಗಲಿಲ್ಲ. ಪ್ಲೇಟ್ ತೊಳೆದಿಟ್ಟು ಬಂದು ನನ್ನ ಮುಂದೆ ಕೂತಳು. "ನೀಟಲ್ಲಿ ಸೀಟ್ ಬರ್ಲಿಲ್ಲ ಅಂದ್ರೆ ಅಪ್ಪ ಲಾಂಗ್ ಟರ್ಮ್‌ಗೆ ಹಾಕ್ತಾರೆ ದೊಡ್ಡಮ್ಮ. ಇನ್ನೊಂದು ವರ್ಷ ಅಲ್ಲೇ, ಅದೇ ಹಾಸ್ಟೆಲ್‌ನಲ್ಲೇ. ನಂಗೆ ಆಗಲ್ಲ. ಬಿಎ ಮಾಡ್ತೀನಿ, ಬರೀತೀನಿ ಅಂದೆ. ಅಪ್ಪ ಬೈಲಿಲ್ಲ. ನಿಮ್ಮ ದೊಡ್ಡಮ್ಮ ಓದ್ಲಿ, ಅವ್ರು ಏನಂತಾರೋ ಅದೇ ಫೈನಲ್ಲು ಅಂದವ್ರೆ."

ಮಹೇಶಪ್ಪ ಹಾಗೆ ಹೇಳಿದ್ದು ನಿಜವಿರಬೇಕು. ಇಡೀ ಪೇಪರಿನಲ್ಲಿ ಅವರು ಓದುವುದು ನನ್ನ ಅಂಕಣ ಒಂದನ್ನೇ. ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸುತ್ತಾರೆ. ಬಂದ ರೈತರಿಗೆಲ್ಲ "ನಮ್ಮ ಮನೆಯೋರ ಅಕ್ಕ ಬರ್ದಿರೋದು" ಅಂತ ತೋರಿಸುತ್ತಾರೆ.

ನೆನಪಿಟ್ಟುಕೊಳ್ಳಿ, ನೋಟ್‌ಬುಕ್ ಕೈಗೆ ತೆಗೆದುಕೊಂಡಾಗ ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ಅವಳನ್ನು ಹಾಸ್ಟೆಲಿಗೆ ಬಿಟ್ಟು ಬಂದು, ಕಾಫಿ ಮಾಡಿಕೊಂಡು, ವರಾಂಡದಲ್ಲಿ ಕೂತೆ. ಅಭ್ಯಾಸದಂತೆ ಕೈಯಲ್ಲಿ ಕೆಂಪು ಪೆನ್ನು. ಮೊದಲ ಪುಟ ತೆರೆದೆ. ಕಾದಂಬರಿಯ ಹೆಸರು "ನಲವತ್ತೊಂದು".

ಸಮನೂರು ಅಂತ ಒಂದು ಊರು. ಅಲ್ಲಿ ಮಕ್ಕಳಿಗೆ ಹೆಸರಿಲ್ಲ, ನಂಬರ್ ಮಾತ್ರ. ಹದಿನಾರು ತುಂಬಿದ ವರ್ಷ ಪರೀಕ್ಷೆ. ಬಂದ ಮಾರ್ಕ್ಸ್ ನೋಡಿ ಹೆಸರು ಕೊಡುತ್ತಾರೆ. ತೊಂಬತ್ತರ ಮೇಲೆ ಬಂದವರಿಗೆ ಉದ್ದನೆಯ, ಬಾಯಿ ತುಂಬುವ ಹೆಸರು. ಕಮ್ಮಿ ಬಂದವರಿಗೆ ಒಂದೇ ಅಕ್ಷರ. ಸಾಯುವತನಕ ಅವರು "ತ" ಅಥವಾ "ಬ". ನಮ್ಮ ನಾಯಕಿಗೆ ಇನ್ನೂ ಪರೀಕ್ಷೆ ಆಗಿಲ್ಲ, ಅವಳು ಬರೀ ನಲವತ್ತೊಂದು.

ಊರಿಗೆ ಊರೇ ಒಂದು ಕಾರ್ಖಾನೆಯಲ್ಲಿ ಹಾರುವ ಯಂತ್ರ ತಯಾರಿಸುತ್ತದೆ. ಆದರೆ ಊರಿನವರಲ್ಲಿ ಒಬ್ಬರೂ ಇದುವರೆಗೆ ಹಾರಿಲ್ಲ. (ಗುಬ್ಬಿ ಹತ್ತಿರದ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಕಡೆಯಿಂದ ಸದ್ದು ಬಂದರೆ ಟೆರೇಸಿಗೆ ಓಡುತ್ತಿದ್ದ ಹುಡುಗಿ ಇವಳು. ನಾನೂ ಓಡಿದ್ದೇನೆ. ನನಗೆ ಕಂಡದ್ದು ಹೆಲಿಕಾಪ್ಟರ್ ಮಾತ್ರ.)

ಸಮನೂರಿನಲ್ಲಿ ಪೊಲೀಸರಿಲ್ಲ, ಬಂದೂಕಿಲ್ಲ. ಪ್ರತಿ ಮಗುವಿಗೂ ಒಬ್ಬೊಬ್ಬರು "ನೋಡಿಕೊಳ್ಳುವವರು" ಇದ್ದಾರೆ, ಅಷ್ಟೇ. ಅವರು ಕೆಟ್ಟವರಲ್ಲ. ಜ್ವರ ಬಂದರೆ ಹಣೆ ಒತ್ತುತ್ತಾರೆ. ಇಷ್ಟದ ತಿಂಡಿ ಮಾಡಿ ಹಾಕುತ್ತಾರೆ. ದಿನಾ ಸಂಜೆ ಒಂದು ಪುಸ್ತಕದಲ್ಲಿ "ಎಲ್ಲ ಸರಿಯಿದೆ" ಅಂತ ಸಹಿ ಹಾಕುತ್ತಾರೆ. ಆ ಒಂದು ಸಹಿಯ ಮೇಲೆ ಇಡೀ ಊರು ನಿಂತಿದೆ.

ಮೊದಲನೇ ನೋಟ್‌ಬುಕ್ ಮುಗಿಯುವ ಹೊತ್ತಿಗೆ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ನಾನು ಒಂದು ಗುಟುಕೂ ಕುಡಿದಿರಲಿಲ್ಲ.

ಈಗ ನನ್ನ ಕಾದಂಬರಿಯ ವಿಷಯ ಹೇಳಬೇಕು. ಹೌದು, ನಾನೂ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಹತ್ತೊಂಬತ್ತು ವರ್ಷದಿಂದ. ನನ್ನ ತವರು ಕುಣಿಗಲ್‌ನ ಕಥೆ. ಮೊದಲ ಅಧ್ಯಾಯವನ್ನು ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಎರಡನೇ ಅಧ್ಯಾಯ ಇನ್ನೂ ಹುಟ್ಟಿಲ್ಲ. ಬೀರುವಿನಲ್ಲಿ ಪಟ್ಟೆ ಸೀರೆಗಳ ಕೆಳಗೆ ಒಂದು ಪ್ಲಾಸ್ಟಿಕ್ ಕವರಿನಲ್ಲಿದೆ. ಸೀರೆಗಾದರೂ ವರ್ಷಕ್ಕೆರಡು ಸಲ ಗಾಳಿ ಸಿಗುತ್ತದೆ. "ಮೇಡಂ, ಅಂಕಣ ಸರಿ, ಕಾದಂಬರಿ ಯಾವಾಗ?" ಅಂತ ನಿಮ್ಮಲ್ಲೇ ಎಷ್ಟೋ ಜನ ಕೇಳಿದ್ದೀರಿ. ಟೈಮ್ ಇಲ್ಲ ಅಂತ ಹೇಳುತ್ತಾ ಬಂದಿದ್ದೇನೆ.

ಇವಳಿಗೆ ಟೈಮ್ ಎಲ್ಲಿಂದ ಬಂತು? ಬೆಳಿಗ್ಗೆ ಐದರಿಂದ ಬೆಲ್ ಮೇಲೆ ಬೆಲ್ ಹೊಡೆಯುವ ಜಾಗದಲ್ಲಿ, ಬಾಗಿಲಿಗೆ ಚಿಲಕವೇ ಇಲ್ಲದ ರೂಮಿನಲ್ಲಿ, ಕೆಮಿಸ್ಟ್ರಿ ಲೇಬಲ್ ಅಂಟಿಸಿಕೊಂಡು ಇನ್ನೂರ ನಲವತ್ತು ಪುಟ. ನನಗೆ ಸ್ವಂತ ಮನೆ, ಸ್ವಂತ ಟೇಬಲ್, ಗಲಾಟೆ ಮಾಡದ ಗಂಡ. ಬಂದದ್ದು ಒಂದು ಅಧ್ಯಾಯ.

ಇಲ್ಲಿಗೆ ಹೊಟ್ಟೆ ಬೆಚ್ಚಗಾಗಿತ್ತು ಅಷ್ಟೇ. ಬೆಂಕಿ ಹತ್ತಿದ್ದು ಎರಡನೇ ನೋಟ್‌ಬುಕ್ಕಿನಲ್ಲಿ.

ನಲವತ್ತೊಂದು ತಪ್ಪಿಸಿಕೊಂಡು ಹೋಗಲು ತೀರ್ಮಾನಿಸುತ್ತಾಳೆ. ಆದರೆ ಊರಿನ ಸುತ್ತ ಗೋಡೆ. ಒಂದು ಕಡೆ ಮಾತ್ರ ಗೋಡೆಯ ಬದಲು ಅಣೆಕಟ್ಟು. ಆ ಅಣೆಕಟ್ಟಿನಲ್ಲಿ ಸೈಫನ್ ಇದೆ. ನೀರು ಒಂದು ಮಟ್ಟಕ್ಕೆ ಬಂದರೆ ಯಾರ ಅಪ್ಪಣೆಯನ್ನೂ ಕಾಯದೆ ತಾನಾಗಿಯೇ ಎಳೆದುಕೊಂಡು ಆಚೆ ಸುರಿಯುತ್ತದೆ. ಗೇಟ್ ತೆಗೆಯುವವರಿಲ್ಲ, ಬೀಗದ ಕೈ ಇಲ್ಲ. ನೀರು ಕಮ್ಮಿ ಇದ್ದಾಗ ಆ ಕೊಳವೆ ಒಣಗಿರುತ್ತದೆ. ಅದರೊಳಗೆ ತೆವಳಿ ಆಚೆ ಹೋಗಬೇಕು. ಮೇಲೆಲ್ಲೋ ಮಳೆ ಶುರುವಾಗಿದೆ. ನೀರು ದಿನಕ್ಕೆ ಒಂದು ಗೇಣು ಏರುತ್ತಿದೆ. ಪರೀಕ್ಷೆಗೆ ಇನ್ನು ಆರು ದಿನ.

ಓದುಗರೇ, ಅದು ಮಾರ್ಕೋನಹಳ್ಳಿ ಡ್ಯಾಮ್. ನಮ್ಮ ಕುಣಿಗಲ್ ತಾಲ್ಲೂಕಿನದು. ನನ್ನ ಡ್ಯಾಮ್.

ಸ್ಕೂಲ್ ಟ್ರಿಪ್ಪಿಗೆ ಅಲ್ಲಿಗೆ ಎಷ್ಟು ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. "ಮಕ್ಕಳೇ, ಇಲ್ಲಿ ನೀರು ತುಂಬಿದರೆ ಯಾರೂ ಗೇಟ್ ತೆಗೆಯಬೇಕಿಲ್ಲ" ಅಂತ ಪ್ರತಿ ಸಲವೂ ಅದೇ ಜಾಗದಲ್ಲಿ ನಿಂತು ಅದೇ ಭಾಷಣ. ಸಿಂಚನಗೆ ಒಂಬತ್ತು ವರ್ಷವಿದ್ದಾಗ ಬೇಸಿಗೆ ರಜೆಯಲ್ಲಿ ಅವಳಿಗೂ ತೋರಿಸಿದ್ದೆ. ಚುರುಮುರಿ ತಿನ್ನುತ್ತಾ ಕೇಳಿಸಿಕೊಂಡಿದ್ದಳು. ಯಾರೂ ತೆಗೆಯಬೇಕಿಲ್ಲದ ಬಾಗಿಲು. ಎಷ್ಟು ವರ್ಷ ನನ್ನ ಬಾಯಲ್ಲೇ ಇತ್ತು ಆ ಮಾತು! ನನ್ನ ಬಾಯಿಂದ ಬಿದ್ದದ್ದನ್ನು ಅವಳು ಎತ್ತಿಕೊಂಡು ಹೋಗಿ ಕಾದಂಬರಿ ಮಾಡಿದಳು.

ನನಗೇಕೆ ಹೊಳೆಯಲಿಲ್ಲ? ಇದೊಂದು ಪ್ರಶ್ನೆ ಆ ಸಂಜೆಯಿಂದ ನನ್ನ ಜೊತೆಯೇ ಓಡಾಡುತ್ತಿದೆ.

ಕೊನೆ ಹೇಳುತ್ತೇನೆ. ನಲವತ್ತೊಂದು ಆಚೆ ಹೋಗುತ್ತಾಳೆ. ಒದ್ದೆ ಬಟ್ಟೆ, ತರಚಿ ಹೋದ ಮೊಣಕೈ. ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜಿ ಎದುರಾಗುತ್ತಾಳೆ. "ಏನವ್ವ ನಿನ್ನೆಸ್ರು?" ಅಂತ ಕೇಳುತ್ತಾಳೆ. ಹುಡುಗಿ ಬಾಯಿ ತೆರೆಯುತ್ತಾಳೆ. ಅಲ್ಲಿಗೆ ಕಾದಂಬರಿ ಮುಗಿಯಿತು.

ನಾನು ಆ ಪುಟದ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದೆ. ಅಳು ಬಂದಿತ್ತು. ಯಾವುದಕ್ಕೆ ಅಂತ ನೀವು ಕೇಳಬಾರದು. ಆ ಹುಡುಗಿ ಪಾರಾದಳಲ್ಲ ಅನ್ನುವ ಸಂತೋಷಕ್ಕೆ ಸ್ವಲ್ಪ. ಉಳಿದದ್ದು ಇದನ್ನು ನಾನು ಬರೆಯಲಿಲ್ಲವಲ್ಲ ಅನ್ನುವುದಕ್ಕೆ.

ಆಮೇಲೆ ನಾನು ಮಾಡಿದ ಕೆಲಸವನ್ನು ಮೇಷ್ಟ್ರುಗಳು ಮಾತ್ರ ಮಾಡಬಲ್ಲರು. ಬರೆದದ್ದು ಮುಗಿದ ಜಾಗ ಕಂಡರೆ ನಮ್ಮ ಕೈ ಸುಮ್ಮನಿರುವುದಿಲ್ಲ. ಮದುವೆ ಕರೆಯೋಲೆಯನ್ನೂ ತಿದ್ದುವ ಜಾತಿ ನಮ್ಮದು. ಕೆಂಪು ಪೆನ್ನಿನ ಕ್ಯಾಪ್ ತೆಗೆದೆ. ಕೊನೆಯ ಸಾಲಿನ ಕೆಳಗೆ ಗೆರೆ ಎಳೆದೆ. ಮಾರ್ಕ್ಸ್ ಬರೆಯಲು ಒಂದು ಸೊನ್ನೆ ಸುತ್ತಿದೆ. ಕಿರುಪರೀಕ್ಷೆ ಯಾವಾಗಲೂ ಇಪ್ಪತ್ತೈದಕ್ಕೆ, ಅದೇ ಅಭ್ಯಾಸ.

ಮಕ್ಕಳಿಗೆ ಹೆಸರಿನ ಬದಲು ನಂಬರ್ ಕೊಡುವ ಊರಿನ ಕಥೆ ಓದಿ ಕಣ್ಣೊರೆಸಿಕೊಂಡವಳು, ಅದೇ ಕಥೆಗೆ ಮಾರ್ಕ್ಸ್ ಹಾಕಲು ಕೂತೆ. ಆ ಹೊತ್ತಿನಲ್ಲಿ ನನಗೆ ಅದು ತಮಾಷೆ ಅನಿಸಲೂ ಇಲ್ಲ.

ಮನಸ್ಸು ಇಪ್ಪತ್ನಾಲ್ಕು ಅಂದಿತು. ಆಮೇಲೆ, ಅಷ್ಟು ಕೊಟ್ಟರೆ ತಲೆ ತಿರುಗುತ್ತದೆ, ಇಪ್ಪತ್ತು ಸಾಕು ಅಂದಿತು. ಆಮೇಲೆ ಡ್ಯಾಮ್ ನೆನಪಾಯಿತು. ಹದಿನಾಲ್ಕು ಅಂತ ಬರೆದೆ. ಕೆಳಗೆ ಷರಾ: "ಕಲ್ಪನೆ ಪರವಾಗಿಲ್ಲ. ಕೊನೆ ಅಪೂರ್ಣ. ನಾಯಕಿ ಮನೆಗೆ ಮರಳಿದರೆ ಒಳ್ಳೆಯದು." ಸಹಿ, ದಿನಾಂಕ.

ನೋಡಿ, ಫೇಲ್ ಮಾಡಲಿಲ್ಲ. ಹೊಟ್ಟೆಕಿಚ್ಚಿನವರು ಯಾರನ್ನೂ ಫೇಲ್ ಮಾಡುವುದಿಲ್ಲ, ಮಾಡಿದರೆ ಸಿಕ್ಕಿಬೀಳುತ್ತೇವೆ. ಪಾಸ್ ಮಾಡುತ್ತೇವೆ, ಆದರೆ ಫಸ್ಟ್ ಕ್ಲಾಸ್ ಬರದ ಹಾಗೆ.

ಮುಂದಿನ ಭಾನುವಾರ ಫೋನ್ ಬಂತು. ಅವಳಿಗೆ ಸಿಗುವ ಹತ್ತು ನಿಮಿಷದಲ್ಲಿ ಎರಡು ನಿಮಿಷ ಉಳಿಸಿ ನನಗೆ ಮಾಡಿದ್ದಳು.

"ದೊಡ್ಡಮ್ಮ, ಎಷ್ಟನೇ ಪುಟದಲ್ಲಿದೀರಾ?"

"ಇನ್ನೂ ಶುರು ಮಾಡಿಲ್ಲ ಕಣೇ. ಪೇಪರ್ ವ್ಯಾಲ್ಯುಯೇಷನ್ನು, ಕೆಲ್ಸ ಜಾಸ್ತಿ."

"ಆಯ್ತು ಬಿಡಿ, ನಿಧಾನಕ್ಕೆ ಓದಿ." ಆ ಧ್ವನಿಯಲ್ಲಿ ಒಂದಿಷ್ಟೂ ಬೇಜಾರಿರಲಿಲ್ಲ. ಅದರ ಮುಂದಿನ ವಾರವೂ ಕೇಳಿದಳು. ಆಗಲೂ ಇಲ್ಲ ಅಂದೆ. ಮೂರನೇ ವಾರ ಕೇಳುವುದನ್ನು ಬಿಟ್ಟಳು, ನನ್ನ ಮಂಡಿನೋವು ವಿಚಾರಿಸಿ ಫೋನ್ ಇಟ್ಟಳು.

ಈ ನಡುವೆ ನಮ್ಮೆಜಮಾನರ ಕೈಗೆ ನೋಟ್‌ಬುಕ್ ಸಿಕ್ಕಿತು. ಅವರು ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರು. ಪೇಪರಿನಲ್ಲಿ ರಾಶಿಭವಿಷ್ಯ ಬಿಟ್ಟರೆ ಬೇರೇನೂ ಓದದವರು. (ನನ್ನ ಅಂಕಣವನ್ನೂ ಓದುವುದಿಲ್ಲ. "ನೀನು ಮನೇಲಿ ಹೇಳೋದೇ ತಾನೆ ಅದ್ರಲ್ಲಿರೋದು" ಅನ್ನುತ್ತಾರೆ.) ಅವತ್ತು ಮಧ್ಯಾಹ್ನ ಊಟಕ್ಕೆ ಮೂರು ಸಲ ಕರೆದೆ. ಬರಲಿಲ್ಲ. ಹೋಗಿ ನೋಡಿದರೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಎರಡನೇ ನೋಟ್‌ಬುಕ್ ಹಿಡಿದು, ಕಾಲು ಅಲ್ಲಾಡಿಸುವುದನ್ನೂ ನಿಲ್ಲಿಸಿ ಕೂತಿದ್ದರು.

"ಸುಮ್ನಿರೇ. ಆ ಮಗು ಪೈಪೊಳ್ಗೆ ಐತೆ, ನೀರು ಬತ್ತೈತೆ" ಅಂದರು.

ಸಂಜೆ ಮುಗಿಸಿ ಬಂದು ನೋಟ್‌ಬುಕ್ ಟೇಬಲ್ ಮೇಲಿಟ್ಟರು. "ಅಲ್ಲ ಕಣೇ, ಇಷ್ಟು ಚೆನ್ನಾಗ್ ಬರ್ದವ್ಳೆ. ಹದಿನಾಲ್ಕು ಯಾಕ್ ಹಾಕಿದೀಯಾ?"

"ನಿಮಗೆ ಸಾಹಿತ್ಯ ಗೊತ್ತಾಗಲ್ಲ ಬಿಡಿ."

"ಸಾಹಿತ್ಯ ಗೊತ್ತಾಗಲ್ಲ. ನೀನು ಗೊತ್ತಾಗ್ತೀಯ" ಅಂದು ಕೈ ತೊಳೆಯಲು ಹೋದರು.

ಆಗಲಾದರೂ ಆ ಹದಿನಾಲ್ಕನ್ನು ಹೊಡೆದು ಹಾಕಬಹುದಿತ್ತು. ಒಂದು ಗೆರೆ ಸಾಕಿತ್ತು. ಹಾಕಲಿಲ್ಲ. ಯಾಕೆ ಅಂದರೆ, ನೋಟ್‌ಬುಕ್ ತೆರೆದರೆ ಮತ್ತೆ ಆ ಕೊನೆಯ ಪುಟ ಓದಬೇಕಿತ್ತು.

ಈಗ ಹೋದ ಭಾನುವಾರಕ್ಕೆ ಬರೋಣ. ಈ ತಿಂಗಳ ಔಟಿಂಗ್. ಸುಮಾ, ಮಹೇಶಪ್ಪ ಇಬ್ಬರೂ ಗುಬ್ಬಿಯಿಂದ ಬಂದಿದ್ದರು. ಸಿಂಚನಳನ್ನು ಕರೆದುಕೊಂಡು ನೇರ ನಮ್ಮ ಮನೆಗೇ ಬಂದರು. ಹೋಳಿಗೆ ಮಾಡಿದ್ದೆ. (ತಪ್ಪು ಮಾಡಿದ ಮನೆಯಲ್ಲಿ ಅಡುಗೆ ಯಾವಾಗಲೂ ಜೋರು.)

ಸಿಂಚನ ನೋಟ್‌ಬುಕ್ ಕೇಳಲಿಲ್ಲ. ಬಂದಾಗಿನಿಂದ ಶೆಲ್ಫ್ ಕಡೆ ಒಂದು, ನನ್ನ ಮುಖದ ಕಡೆ ಒಂದು ನೋಟ ಹಾಕುತ್ತಿದ್ದಳು ಅಷ್ಟೇ. ಊಟವಾದ ಮೇಲೆ ಮಹೇಶಪ್ಪ ಅವರೇ ಶುರು ಮಾಡಿದರು.

"ಅಕ್ಕ, ಮಗಳು ಏನೋ ಬರ್ದಿದ್ಲಂತಲ್ಲ. ಓದುದ್ರಾ?"

ನಾನು ತಂದುಕೊಟ್ಟೆ. ಅವರು ಎರಡನೇ ನೋಟ್‌ಬುಕ್ ಕೈಗೆತ್ತಿಕೊಂಡರು. ಮೊದಲ ಪುಟ ತೆರೆಯಲಿಲ್ಲ. ಯಾವ ಅಪ್ಪ ತೆರೆಯುತ್ತಾನೆ? ಪೇರೆಂಟ್ಸ್ ಮೀಟಿಂಗಿನಲ್ಲಿ ಆನ್ಸರ್ ಪೇಪರ್ ಕೈಗೆ ಬಂದರೆ ಎಲ್ಲರೂ ಮೊದಲು ನೋಡುವುದು ಕೆಂಪು ಸೊನ್ನೆಯ ಜಾಗ. ಅವರ ಹೆಬ್ಬೆರಳು ನೇರ ಕೊನೆಗೆ ಹೋಯಿತು.

ಸ್ವಲ್ಪ ಹೊತ್ತು ನೋಡಿದರು. ಮೊಬೈಲ್ ತೆಗೆದು ಏನೋ ಒತ್ತಿದರು.

"ಫಿಫ್ಟಿ ಸಿಕ್ಸ್ ಪರ್ಸೆಂಟು" ಅಂದರು.

ಮಹೇಶಪ್ಪ ಕೋಪ ಮಾಡಿಕೊಳ್ಳಲಿಲ್ಲ, ಅದು ಇನ್ನೂ ಕಷ್ಟ. ಮಗಳ ತಲೆ ಸವರಿದರು. "ಪರ್ವಾಗಿಲ್ಲ ಬುಡು ಪುಟ್ಟ. ದೊಡ್ಡಮ್ಮ ನಮ್ಮೋರು ತಮ್ಮೋರು ಅಂತ ನೋಡ್ದೆ ಹಾಕವ್ರೆ. ಫಿಫ್ಟಿ ಸಿಕ್ಸ್ ನಂಬ್ಕೊಂಡು ಕಾಲೇಜು ಬುಡಕ್ಕಾಗಲ್ಲ ಅಲ್ವಾ? ಇನ್ನೊಂದೊರ್ಷ ಕಣ್ಮುಚ್ಚಿ ಓದ್ಬುಡು. ಲಾಂಗ್ ಟರ್ಮ್ ಫಾರಂ ರಿಸಲ್ಟ್‌ಗೆ ಮುಂಚೇನೇ, ಈ ಬುಧವಾರ್ದೊಳ್ಗೆ ಕೊಡ್ಬೇಕಂತೆ, ಕೊಟ್ಬುಡನ."

ಸಿಂಚನ ಅಳಲಿಲ್ಲ. ಅಪ್ಪನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡಳು. ಕೊನೆಯ ಪುಟ ನೋಡಿದಳು. ಆಮೇಲೆ ಮೊದಲನೇ ನೋಟ್‌ಬುಕ್ ತೆಗೆದು ಒಂದನೇ ಪುಟದಿಂದ ತಿರುಗಿಸಲು ಶುರು ಮಾಡಿದಳು. ಒಂದೊಂದೇ ಪುಟ, ಬೆರಳಿಟ್ಟುಕೊಂಡು. ಏನು ಮಾಡುತ್ತಿದ್ದಾಳೆ ಅಂತ ನನಗೆ ತಕ್ಷಣ ಅರ್ಥವಾಯಿತು. ಎರಡು ವರ್ಷದಿಂದ ಪ್ರತಿ ವಾರ ಟೆಸ್ಟ್ ಬರೆಯುವ ಹುಡುಗಿ. ಮಾರ್ಕ್ಸ್ ಎಲ್ಲಿ ಕಟ್ ಆಗಿದೆ ಅಂತ ನೋಡಿಕೊಳ್ಳುವುದು ಅವಳಿಗೆ ಕೈ ತೊಳೆದಷ್ಟು ಸಹಜ.

ಇನ್ನೂರ ನಲವತ್ತು ಪುಟ. ಅವಳು ಅವಸರ ಮಾಡಲಿಲ್ಲ. ಸುಮಾ "ಬಿಡೇ, ಹೊತ್ತಾಯ್ತು" ಅಂದಳು. ನಮ್ಮೆಜಮಾನರು ಕಿಟಕಿ ಕಡೆ ನೋಡುತ್ತಾ ಕೂತಿದ್ದರು. ಫ್ಯಾನ್ ತಿರುಗುವ ಸದ್ದು, ಪುಟ ತಿರುಗುವ ಸದ್ದು.

ಕೊನೆಗೆ ತಲೆ ಎತ್ತಿದಳು.

"ದೊಡ್ಡಮ್ಮ, ಎಲ್ಲೂ ತಪ್ಪು ಹಾಕಿಲ್ಲ ನೀವು. ಒಂದು ಕಡೇನೂ ಕೆಂಪು ಇಂಕ್ ಇಲ್ಲ. ಹನ್ನೊಂದು ಮಾರ್ಕ್ಸ್ ಎಲ್ಲಿ ಹೋಯ್ತು?"

ಅವಳು ಜಗಳಕ್ಕೆ ಕೇಳಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದಳು, ಹೇಳಿದರೆ ತಿದ್ದಿಕೊಳ್ಳೋಣ ಅಂತ. ಆ ಮುಖ ನೋಡಲು ನನಗೆ ಆಗಲಿಲ್ಲ.

ನಿಜ ಏನು ಅಂದರೆ, ಕೆಂಪು ಪೆನ್ನು ಹಿಡಿದುಕೊಂಡೇ ಕೂತಿದ್ದ ನಾನು ತಿದ್ದುವುದನ್ನೇ ಮರೆತಿದ್ದೆ. ಮೂವತ್ತು ವರ್ಷದ ಕೆಲಸದಲ್ಲಿ ಮೊದಲ ಸಲ. ಕಾಗುಣಿತದ ತಪ್ಪು ಎರಡು ಮೂರು ಇದ್ದಿರಬಹುದು. ಕಣ್ಣಿಗೇ ಬೀಳದ ಹಾಗೆ ಆ ಹುಡುಗಿ ನನ್ನನ್ನು ಎಳೆದುಕೊಂಡು ಹೋಗಿದ್ದಳು. ಅದಕ್ಕಿಂತ ದೊಡ್ಡ ಮಾರ್ಕ್ಸ್ ಉಂಟೇ?

ಇದನ್ನು ಅಲ್ಲೇ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ.

"ಅದು ಓವರಾಲ್ ಇಂಪ್ರೆಷನ್ ನೋಡಿ ಹಾಕೋದು ಕಣೇ" ಅಂದೆ.

"ಓಹ್" ಅಂದಳು. ನೋಟ್‌ಬುಕ್ ಎರಡನ್ನೂ ಜೋಡಿಸಿ ಬ್ಯಾಗಿಗೆ ಹಾಕಿಕೊಂಡಳು.

ಗುಬ್ಬಿಗೆ ಹೋಗುವ ಟ್ರೈನಿಗೆ ಹೊತ್ತಾಗುತ್ತದೆ ಅಂತ ಅವರಿಬ್ಬರೂ ನಾಲ್ಕೂವರೆಗೇ ಹೊರಟರು. ಹಾಸ್ಟೆಲಿಗೆ ಬಿಡುವ ಕೆಲಸ ನನ್ನದಾಯಿತು. ಆಟೋದಲ್ಲಿ ಅವಳು ಹೊರಗೆ ನೋಡುತ್ತಿದ್ದಳು. ಯಾವಾಗಲೂ ಒಂದು ನಿಮಿಷ ಬಾಯಿ ಮುಚ್ಚದ ಹುಡುಗಿ. ನಾನೇ ಮಾತು ತೆಗೆದೆ. "ಬೇಜಾರಾಯ್ತಾ?" ಅಂದೆ. "ಇಲ್ಲ ದೊಡ್ಡಮ್ಮ" ಅಂದಳು. "ಹೋಳಿಗೆ ಚೆನ್ನಾಗಿತ್ತು" ಅಂತಲೂ ಸೇರಿಸಿದಳು. ಅವಳು ನನ್ನ ಮನಸ್ಸಿಗೆ ನೋವಾಗಬಾರದು ಅಂತ ನೋಡಿಕೊಳ್ಳುತ್ತಿದ್ದಳು.

ಗೇಟಿನ ಹತ್ತಿರ ವಾಚ್‌ಮನ್ ರಿಜಿಸ್ಟರ್ ಮುಂದೆ ತಳ್ಳಿದ. ಎರಡು ವರ್ಷದಿಂದ ಆ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದೇನೆ. ಕಾಲಂಗಳ ಮೇಲೆ ಏನು ಬರೆದಿದೆ ಅಂತ ಓದಿರಲಿಲ್ಲ. ಅವತ್ತು ಓದಿದೆ. ವಿದ್ಯಾರ್ಥಿ ನಂಬರ್. ಸಮಯ. ಒಪ್ಪಿಸಿದವರು. ಷರಾ.

ಷರಾ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೂ ಎಲ್ಲ ಅಪ್ಪ ಅಮ್ಮಂದಿರೂ ಒಂದೇ ಪದ ಬರೆದಿದ್ದರು. ಓಕೆ. ಓಕೆ. ಓಕೆ. ಹಿಂದಿನ ತಿಂಗಳ ನನ್ನ ಸಹಿಯ ಮುಂದೆಯೂ ಓಕೆ.

"ಬರೀರಿ ಮೇಡಂ, ಹಿಂದೆ ಜನ ಅವ್ರೆ" ಅಂದ ವಾಚ್‌ಮನ್.

ಬರೆದೆ. ನಿಮ್ಮ ಹತ್ತಿರ ಸುಳ್ಳೇಕೆ? ಸಹಿ ಹಾಕಿ, ಮುಂದೆ ಓಕೆ ಅಂತ ಬರೆದೆ. ತಲೆ ಎತ್ತಿದರೆ ಸಿಂಚನ ಆ ಪುಸ್ತಕವನ್ನೇ ನೋಡುತ್ತಿದ್ದಳು. ನನ್ನ ಮುಖ ನೋಡಲಿಲ್ಲ. "ಬರ್ತೀನಿ ದೊಡ್ಡಮ್ಮ" ಅಂದು ಒಳಗೆ ಹೋದಳು. ಎರಡು ಜಡೆ, ಬೆನ್ನ ಮೇಲೆ ಬ್ಯಾಗು. ಆ ಬ್ಯಾಗಿನಲ್ಲಿ ಒಂದು ಇಡೀ ಊರು, ಒಂದು ಅಣೆಕಟ್ಟು.

ಸಮನೂರಿನ "ನೋಡಿಕೊಳ್ಳುವವರು" ಎಲ್ಲಿಂದ ಬಂದರು ಅಂತ ಓದುವಾಗ ನನಗೆ ಬಹಳ ಆಶ್ಚರ್ಯವಾಗಿತ್ತು. ಎಂಥ ಕಲ್ಪನೆ ಅಂತ ಅದಕ್ಕೂ ಹೊಟ್ಟೆ ಉರಿದುಕೊಂಡಿದ್ದೆ. ಇಷ್ಟದ ತಿಂಡಿ ಮಾಡಿ ಹಾಕುವವರು, ಸಂಜೆ ಸಹಿ ಹಾಕುವವರು. ಅವಳು ಕಲ್ಪನೆಯೇನೂ ಮಾಡಿರಲಿಲ್ಲ. ತಿಂಗಳಿಗೊಮ್ಮೆ ಬಿಸಿಬೇಳೆಬಾತ್ ತಿಂದು, ಐದೂವರೆಗೆ ಗೇಟಿನಲ್ಲಿ ನಿಂತು, ನೋಡಿದ್ದನ್ನು ಬರೆದಿದ್ದಳು.

ಅಂಥದ್ದನ್ನು ಓದಿ ಕೂಡ ಗುರುತು ಹಿಡಿಯದವಳು ನಾನು. ಇನ್ನು ಎರಡನೇ ಅಧ್ಯಾಯ ಹೇಗೆ ಹುಟ್ಟುತ್ತದೆ?

ಮನೆಗೆ ಬಂದು ಮಹೇಶಪ್ಪನವರಿಗೆ ಫೋನ್ ಮಾಡೋಣ ಅಂದುಕೊಂಡೆ. ನಂಬರ್ ಒತ್ತಿ, ಒಂದು ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಏನು ಹೇಳುವುದು? ತಪ್ಪಾಗಿ ಹಾಕಿದೆ ಅನ್ನಬಹುದು. ತಪ್ಪಾಗಿ ಹಾಕಿರಲಿಲ್ಲವಲ್ಲ. ನೋಡಿ, ಯೋಚಿಸಿ, ಡ್ಯಾಮ್ ನೆನಪು ಮಾಡಿಕೊಂಡು ಹಾಕಿದ್ದೆ. ಅದನ್ನು ಫೋನಿನಲ್ಲಿ ಹೇಳುವ ಧೈರ್ಯ ನನಗಿಲ್ಲ. ಆದರೆ ಅವರು ಈ ಅಂಕಣ ಓದುತ್ತಾರೆ. ಮಂಗಳವಾರದ ಪೇಪರಿನಲ್ಲಿ ಇದು ಬರುತ್ತದೆ, ಫಾರಂ ಕೊಡಲು ಬುಧವಾರದವರೆಗೆ ಟೈಮ್ ಇದೆ. ಅದಕ್ಕೇ ನಿಮ್ಮೆಲ್ಲರ ಮುಂದೆ ಬರೆಯುತ್ತಿದ್ದೇನೆ.

ಮಹೇಶಪ್ಪ, ಪರೀಕ್ಷೆ ಬೋರ್ಡಿನಲ್ಲಿ ಮರು ಮೌಲ್ಯಮಾಪನ ಅಂತ ಒಂದಿದೆ, ನಿಮಗೆ ಗೊತ್ತು. ಮಾರ್ಕ್ಸ್ ಹಾಕಿದವರ ಮೇಲೆ ನಂಬಿಕೆ ಇಲ್ಲದಿದ್ದರೆ ಪೇಪರ್ ಮತ್ತೆ ನೋಡಬೇಕು. ನೋಡಿದ್ದೇನೆ. ನೋಟ್‌ಬುಕ್ ಅವಳ ಹತ್ತಿರವೇ ಇದೆ, ಆದರೂ ಒಂದೊಂದು ಪುಟವೂ ನನಗೆ ಬಾಯಿಪಾಠ ಬಂದಿದೆ, ಹೊಟ್ಟೆ ಉರಿಯ ಪುಣ್ಯ. ನಿಮ್ಮ ಮಗಳು ಬರೆದದ್ದು ಚೆನ್ನಾಗಿದೆ. ನಾನು ಹತ್ತೊಂಬತ್ತು ವರ್ಷದಿಂದ ಬರೆಯಲಾಗದ್ದನ್ನು ಅವಳು ಬರೆದಿದ್ದಾಳೆ. ಕೊನೆಯನ್ನು ಬದಲಾಯಿಸುವುದು ಬೇಡ, ಆ ಹುಡುಗಿ ಮನೆಗೆ ಮರಳುವುದೂ ಬೇಡ. ಅವಳು ಬರೆಯಲಿ. ನೀವು ಕೇಳಿದ್ದು ದೊಡ್ಡಮ್ಮನ ಮಾತನ್ನು ತಾನೆ? ಇದೇ ಆ ಮಾತು. ಈ ವಾರದ್ದನ್ನೂ ಕತ್ತರಿಸಿ ಅಂಗಡಿ ಗೋಡೆಗೆ ಅಂಟಿಸಿ. ಬಂದವರೆಲ್ಲ ಓದಲಿ, ನಿಮ್ಮ ಮನೆಯವರ ಅಕ್ಕ ಎಂಥವಳು ಅಂತ.

ಪರ್ಸೆಂಟೇಜ್ ಬೇಕಾದರೆ ಮೊಬೈಲ್ ತೆಗೆದು ಒತ್ತಿಕೊಳ್ಳಿ. ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು.

ಸಿಂಚನಾ, ಉಳಿದ ಒಂದು ಮಾರ್ಕ್ಸ್ ಎಲ್ಲಿ ಹೋಯ್ತು ಅಂತ ಮಾತ್ರ ಕೇಳಬೇಡ, ಅದನ್ನ ಕೊಡೋಕೆ ನಂಗೆ ಇನ್ನೂ ಮನಸ್ಸು ಬರ್ತಿಲ್ಲ ಕಣೇ.